ಜಾಲರಿ ಬಾಗಿಲ ಲಿಫ್ಟು, ಸ್ಟೂಲಿನ ಮೇಲೆ ಕೂತ ಮನುಷ್ಯ

ಕಾಣಕೋಣ: ಬೊಂಬಾಯಿಗೆ ಹೋಗಿ ಬಂದವರನ್ನು ಊರಿನ ಜನ ಸುತ್ತುಗಟ್ಟಿ ಕೇಳುತ್ತಿದ್ದ ಪ್ರಶ್ನೆಗಳು ಮೂರೇ. ಡಬಲ್ ಡೆಕ್ಕರ್ ಬಸ್ ಹತ್ತಿದ್ಯಾ? ಲೋಕಲ್ ಟ್ರೇನಲ್ಲಿ ನಿಲ್ಲೋಕೆ ಜಾಗ ಸಿಕ್ತಾ? ಲಿಫ್ಟಲ್ಲಿ ಹೋದ್ಯಾ? ಸಮುದ್ರದ ಬಗ್ಗೆ ಯಾರೂ ಕೇಳುತ್ತಿರಲಿಲ್ಲ. ಅದು ಪಾಳೊಳೆಂನಲ್ಲೂ ಇತ್ತು, ತಳಪಣದಲ್ಲೂ ಇತ್ತು. ಮೊದಲೆರಡು ಪ್ರಶ್ನೆಗೆ ಕೂತಲ್ಲೇ ಉತ್ತರ ಕೊಡಬಹುದಿತ್ತು. ಮೂರನೆಯದಕ್ಕೆ ಮಾತ್ರ ಎದ್ದು ನಿಂತು, ಜಾಲರಿ ಬಾಗಿಲು ಎಳೆದಂತೆ ಕೈ ಮಾಡಿ, ಹೊಟ್ಟೆ ಹಿಡಿದುಕೊಂಡು ತೋರಿಸಿಯೇ ಹೇಳಬೇಕಿತ್ತು!

ಲಿಫ್ಟು ಎಂಬುದು ಕಾಣಕೋಣದ ಮಟ್ಟಿಗೆ ಬಹುಕಾಲ ಬೇರೆ ಊರಿನ ಸಂಗತಿಯಾಗಿತ್ತು. ನಮ್ಮ ಚಾವಡಿ ಪೇಟೆ ನೆಲಕ್ಕೆ ಅಂಟಿಕೊಂಡೇ ಬೆಳೆದದ್ದು. ಹೆಂಚಿನ ಮಾಡು, ಮುಂದೊಂದು ಜಗಲಿ, ಹೆಚ್ಚೆಂದರೆ ಸಾಮಾನು ಇಡಲು ಮೇಲೊಂದು ಅಟ್ಟ. ಅಟ್ಟಕ್ಕೆ ಏಣಿ. ಏಣಿ ಹತ್ತುವುದು ಅಂಗಡಿ ಹುಡುಗನ ಕೆಲಸ, ಗಿರಾಕಿಯದಲ್ಲ. ದೊಡ್ಡ ಪೇಟೆ ಬೇಕೆಂದರೆ ಕರಮಲ ಘಾಟಿ ದಾಟಿ ಮಡಗಾಂವ್‌ಗೆ ಹೋಗಬೇಕು, ಇಲ್ಲವೇ ಗಡಿ ದಾಟಿ ಕಾರವಾರಕ್ಕೆ. ಅಲ್ಲೂ ವ್ಯಾಪಾರವೆಲ್ಲ ಗಲ್ಲಿಯಲ್ಲೇ, ನೆಲದ ಮೇಲೇ. ಮಹಡಿ ಮೇಲೆ ಮಹಡಿ, ಪ್ರತಿ ಮಹಡಿಯಲ್ಲೂ ಅಂಗಡಿ, ಹತ್ತಲು ಲಿಫ್ಟು ಎಂಬ ವೈಭವ ನೋಡಬೇಕಾದರೆ ಬೊಂಬಾಯಿಯೇ ಗತಿ.

ಬೊಂಬಾಯಿ ಆಗ ಈಗಿನಷ್ಟು ಹತ್ತಿರವೂ ಇರಲಿಲ್ಲ. ಪೋರ್ಚುಗೀಸರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ, ಭಾರತ ಸರಕಾರ ಆರ್ಥಿಕ ದಿಗ್ಬಂಧನ ಹಾಕಿದ್ದಾಗ, ಪೋಳೆಂ ಗಡಿ ದಾಟಿ ಮಾಜಾಳಿ ಕಡೆ ಹೋಗುವುದೇ ದೊಡ್ಡ ಕೆಲಸ. 1961ರ ಡಿಸೆಂಬರ್ 19ರಂದು ಗೋವೆ ಬಿಡುಗಡೆಯಾದ ಮೇಲೆ ದಾರಿ ತೆರೆಯಿತು. ಪಣಜಿಯಿಂದ 'ಕೊಂಕಣ ಸೇವಕ್', 'ಕೊಂಕಣ ಶಕ್ತಿ' ಹಡಗುಗಳಲ್ಲಿ ರಾತ್ರಿ ಕಳೆದು ಬೊಂಬಾಯಿ ಮುಟ್ಟಿದವರು ಇಂದಿಗೂ ಇದ್ದಾರೆ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಾಡಲು ಶುರುವಾದ ಮೇಲಷ್ಟೇ ಕಾಣಕೋಣದ ಸ್ಟೇಷನ್ನಿನಲ್ಲಿ ಕೂತು ಬೊಂಬಾಯಿಯಲ್ಲಿ ಇಳಿಯುವಂತಾದದ್ದು. ಅಷ್ಟರಲ್ಲಿ ಹಳೆಯ ಲಿಫ್ಟುಗಳ ಕಾಲ ಮುಗಿಯುತ್ತ ಬಂದಿತ್ತು.

ಮೊದಲ ಲಿಫ್ಟು ಅಂಗಡಿಯದೇ

ಲಿಫ್ಟಿಗೂ ಅಂಗಡಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ಭಾರ ಎತ್ತುವ ರಾಟೆ, ಹಗ್ಗ ಎಲ್ಲ ಕಡೆಯೂ ಮೊದಲಿನಿಂದ ಇದ್ದವು. ಆದರೆ ಹಗ್ಗ ಕಡಿದರೆ ಕೆಳಗೆ ಬೀಳುವ ಪೆಟ್ಟಿಗೆಯಲ್ಲಿ ಮನುಷ್ಯ ಯಾಕೆ ಕೂರುತ್ತಾನೆ? ಅಮೆರಿಕದ ಎಲೀಷಾ ಓಟಿಸ್ ಎಂಬಾತ ಇದಕ್ಕೊಂದು ಉಪಾಯ ಹುಡುಕಿದ. 1854ರಲ್ಲಿ ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ ತಾನೇ ಎತ್ತರದ ಕಟ್ಟೆ ಏರಿ ನಿಂತು, ಎಲ್ಲರೆದುರು ಹಗ್ಗ ಕಡಿಸಿದ. ಕಟ್ಟೆ ಬೀಳಲಿಲ್ಲ. ಹಗ್ಗದ ಬಿಗಿ ತಪ್ಪಿದ ಕೂಡಲೇ ಸ್ಪ್ರಿಂಗ್ ಬಿಚ್ಚಿಕೊಂಡು ಎರಡೂ ಬದಿಯ ಕಂಬಿಯ ಹಲ್ಲುಗಳಿಗೆ ಕಚ್ಚಿಕೊಂಡಿತು.

ಮೂರು ವರ್ಷದ ನಂತರ, 1857ರ ಮಾರ್ಚ್ 23ರಂದು, ಜನರನ್ನು ಹೊತ್ತೊಯ್ಯುವ ಓಟಿಸ್ ಲಿಫ್ಟು ನ್ಯೂಯಾರ್ಕಿನಲ್ಲಿ ಶುರುವಾಯಿತು. ಎಲ್ಲಿ ಅಂದುಕೊಂಡಿರಿ? ಅರಮನೆಯಲ್ಲಲ್ಲ, ಕಚೇರಿಯಲ್ಲೂ ಅಲ್ಲ. ಪಿಂಗಾಣಿ, ಗಾಜಿನ ಸಾಮಾನು, ತೂಗುದೀಪ ಮಾರುವ ಹಾವ್ಟ್ ಎಂಬ ಐದು ಮಹಡಿಯ ಅಂಗಡಿಯಲ್ಲಿ! ಹಬೆಯಂತ್ರದಿಂದ ನಡೆಯುತ್ತಿದ್ದ ಅದರ ವೇಗ ನಿಮಿಷಕ್ಕೆ ಸುಮಾರು 40 ಅಡಿ. ಮೆಟ್ಟಿಲು ಹತ್ತುವವರೇ ಒಮ್ಮೊಮ್ಮೆ ಮುಂದೆ ಹೋಗಬಹುದಾದಷ್ಟು ನಿಧಾನ.

ವ್ಯಾಪಾರದ ಲೆಕ್ಕ ಸರಳ. ಗಿರಾಕಿ ಮೂರನೇ ಮಹಡಿಗೆ ಏದುಸಿರು ಬಿಡುತ್ತ ಬಂದರೆ ಚೌಕಾಸಿ ಮಾಡುವ ಶಕ್ತಿಯೂ ಇರೋದಿಲ್ಲ, ಕೊಳ್ಳುವ ಮನಸ್ಸೂ ಇರೋದಿಲ್ಲ. ಲಿಫ್ಟು ಬಂದ ಮೇಲೆ ಮೇಲಿನ ಮಹಡಿಗೂ ಬೆಲೆ ಬಂತು. ಕರವಸ್ತ್ರ, ಸಾಬೂನು ಕೆಳಗೆ. ಸೀರೆ, ಸೂಟಿನ ಬಟ್ಟೆ ಮಧ್ಯದಲ್ಲಿ. ಕುರ್ಚಿ, ಕಪಾಟು ಮೇಲೆ. ಡಿಪಾರ್ಟ್‌ಮೆಂಟ್ ಸ್ಟೋರ್ ಎಂಬ ಅಂಗಡಿ ಬೆಳೆದದ್ದು ಹೀಗೆ.

ನಮ್ಮ ದೇಶದಲ್ಲಿ 1892ರಲ್ಲೇ ಕೋಲ್ಕತ್ತದ ಈಗಿನ ರಾಜಭವನದಲ್ಲಿ ಓಟಿಸ್ ಲಿಫ್ಟು ಕೂತಿತು. 1903ರಲ್ಲಿ ತೆರೆದ ಬೊಂಬಾಯಿಯ ತಾಜ್ ಹೋಟೆಲಿಗೆ ಜರ್ಮನಿಯ ಲಿಫ್ಟು ತರಿಸಿದ್ದರು. ಅದೇ ಕಾಲದಲ್ಲಿ ಅಲ್ಲಿನ ಹಾರ್ನ್‌ಬಿ ರಸ್ತೆಯಲ್ಲಿ (ಈಗಿನ ದಾದಾಭಾಯಿ ನವರೋಜಿ ರಸ್ತೆ) ವೈಟ್‌ವೇ ಲೇಡ್‌ಲಾ, ಕಾಳಾ ಘೋಡಾದಲ್ಲಿ ಆರ್ಮಿ ಅಂಡ್ ನೇವಿ ಸ್ಟೋರ್ಸ್ ಎಂಬ ಸಾಹೇಬರ ಮಹಡಿ ಅಂಗಡಿಗಳು ತಲೆ ಎತ್ತಿದ್ದವು. ವೈಟ್‌ವೇ ಅಂಗಡಿಯ ಕಟ್ಟಡದ ಕಥೆಯಂತೂ ಮಜವಾಗಿದೆ. ವಿಲಾಯತಿ ಬಟ್ಟೆ ಮಾರಿದ ಅದೇ ಕಟ್ಟಡ ಸ್ವಾತಂತ್ರ್ಯದ ಹೊತ್ತಿಗೆ ಖಾದಿ ಭಂಡಾರವಾಯಿತು, ಆಮೇಲೆ ದಶಕಗಳ ಕಾಲ ಖಾದಿ ಮಾರಿತು!

ಹಿಡಿಕೆ, ಮುಳ್ಳು, ಗಂಟೆ

ಈಗಿನ ಹುಡುಗರಿಗೆ ಲಿಫ್ಟೆಂದರೆ ಹೊಳೆಯುವ ಸ್ಟೀಲ್ ಪೆಟ್ಟಿಗೆ. ಬಟನ್ ಒತ್ತಿದರೆ ಬಾಗಿಲು ತಾನೇ ಮುಚ್ಚುತ್ತೆ, ತಾನೇ ತೆರೆಯುತ್ತೆ. ಹಳೆಯದು ಹಾಗಿರಲಿಲ್ಲ. ತೇಗದ ಹಲಗೆಯ ಪೆಟ್ಟಿಗೆ, ಒಳಗೊಂದು ಕನ್ನಡಿ, ಮಂಕು ಬಲ್ಬು. ಬಾಗಿಲು ಒಂದಲ್ಲ, ಎರಡು: ಮಹಡಿಯದೊಂದು, ಪೆಟ್ಟಿಗೆಯದೊಂದು. ಕತ್ತರಿಯಂತೆ ಮಡಚಿಕೊಳ್ಳುವ ಕಬ್ಬಿಣದ ಜಾಲರಿಯನ್ನು ಗರಗರ ಎಳೆದು ಎರಡನ್ನೂ ಸರಿಯಾಗಿ ಮುಚ್ಚಿದರಷ್ಟೇ ಲಿಫ್ಟು ಅಲುಗಾಡೋದು. ಬಾಗಿಲ ಕೊಂಡಿ ಕೂತಾಗ ವಿದ್ಯುತ್ ಸಂಪರ್ಕ ಆಗುವಂತೆ ಜೋಡಿಸಿರುತ್ತಿದ್ದರು. ಬಾಗಿಲು ತೆರೆದಿಟ್ಟು ಹೊರಡಬಾರದು ಎಂಬ ಕಟ್ಟಳೆಯನ್ನು ಯಂತ್ರವೇ ಪಾಲಿಸುತ್ತಿತ್ತು.

ಬಾಗಿಲ ನೆತ್ತಿಯ ಮೇಲೆ ಅರ್ಧಚಂದ್ರದ ಫಲಕ. ಅದರ ಮೇಲೊಂದು ಗಡಿಯಾರದ ಮುಳ್ಳು. ಮುಳ್ಳು ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ವಾಲುತ್ತ ಬಂದರೆ ಲಿಫ್ಟು ಇಳಿಯುತ್ತಿದೆ ಎಂದರ್ಥ. ಕೆಳಗೆ ಕಾಯುವ ಜನವೆಲ್ಲ ಕತ್ತು ಎತ್ತಿ ಅದನ್ನೇ ನೋಡುತ್ತಿದ್ದರು, ಗುಡಿಯಲ್ಲಿ ಮಂಗಳಾರತಿಗೆ ಕಾದವರ ಹಾಗೆ.

ಜಾಲರಿ ಬಾಗಿಲಿನ ದೊಡ್ಡ ಮಜಾ ಎಂದರೆ ಎಲ್ಲವೂ ಕಾಣೋದು. ಗೋಡೆ ಕೆಳಗೆ ಜಾರುತ್ತದೆ, ಒಂದು ಮಹಡಿಯ ನೆಲ ಕಣ್ಣ ಮಟ್ಟಕ್ಕೆ ಬರುತ್ತದೆ, ಮೊದಲು ಜನರ ಕಾಲು, ಆಮೇಲೆ ಸೊಂಟ, ಆಮೇಲೆ ಮುಖ. ಪಕ್ಕದಲ್ಲೇ ಎಣ್ಣೆ ಹಚ್ಚಿದ ಉಕ್ಕಿನ ಹಗ್ಗಗಳು, ನಾವು ಏರುವಾಗ ಎದುರಿನಿಂದ ಇಳಿದು ಬರುವ ದೊಡ್ಡ ಭಾರ. ಆ ಭಾರ ಕಂಡವರಿಗೆಲ್ಲ ಅದೇನೋ ಬೀಳ್ತಾ ಇದೆ ಅನ್ನೋ ಗಾಬರಿ. ನಿಜಕ್ಕೂ ಅದು ತಕ್ಕಡಿಯ ಇನ್ನೊಂದು ತಟ್ಟೆ. ಪೆಟ್ಟಿಗೆಯ ತೂಕ, ಅದರ ಜೊತೆಗೆ ಅದು ಹೊರಬಲ್ಲ ಜನರ ತೂಕದ ಅರ್ಧದಷ್ಟು ಸೇರಿಸಿ ಆ ಭಾರ ಇಟ್ಟಿರುತ್ತಾರೆ. ಹಾಗಾಗಿ ಮೋಟಾರು ಎತ್ತಬೇಕಾದ್ದು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ. ಬಾವಿಯ ರಾಟೆಗೆ ಎರಡೂ ಕಡೆ ಕೊಡ ಕಟ್ಟಿದವರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ.

ಈ ಎಲ್ಲದರ ನಡುವೆ ಒಂದು ಸ್ಟೂಲು. ಸ್ಟೂಲಿನ ಮೇಲೆ ಖಾಕಿ ಅಂಗಿಯ ಲಿಫ್ಟ್‌ಮನ್. ಬಹಳ ಹಳೆಯ ಲಿಫ್ಟುಗಳಲ್ಲಿ ಬಟನ್ ಇರಲಿಲ್ಲ, ಒಂದು ಹಿಡಿಕೆ ಮಾತ್ರ. ಒಂದು ಕಡೆ ತಿರುಗಿಸಿದರೆ ಮೇಲೆ, ಇನ್ನೊಂದು ಕಡೆ ತಿರುಗಿಸಿದರೆ ಕೆಳಗೆ, ನಡುವಿಗೆ ತಂದರೆ ನಿಲುಗಡೆ. ಪೆಟ್ಟಿಗೆಯ ನೆಲ ಮಹಡಿಯ ನೆಲಕ್ಕೆ ಸರಿಯಾಗಿ ಕೂರಬೇಕಾದರೆ ಎಷ್ಟು ಮುಂಚೆ ಹಿಡಿಕೆ ಬಿಡಬೇಕು ಎಂಬುದು ಅವನ ಕೈಗೆ ಗೊತ್ತಿರಬೇಕು. ಹತ್ತು ಜನ ಇದ್ದರೆ ಒಂದು ಲೆಕ್ಕ, ಇಬ್ಬರೇ ಇದ್ದರೆ ಇನ್ನೊಂದು. ನಾಲ್ಕು ಬೆರಳು ಮೇಲೆ ಕೆಳಗೆ ಆದರೆ ಯಾರಾದರೂ ಎಡವಿ ಬೀಳುತ್ತಾರೆ. ದೋಣಿಯನ್ನು ಧಕ್ಕೆಗೆ ತಾಗಿಸುವ ತಾಂಡೇಲನ ಕೈಚಳಕದಂಥದ್ದೇ ಇದು.

ಚಪ್ಪಲಿ ಬಿಟ್ಟು ಹತ್ತಿದವರು

ಲಿಫ್ಟ್ ಹತ್ತಿದ ಕಥೆಗಳಿಗೆ ನಮ್ಮಲ್ಲಿ ಬರವಿಲ್ಲ. ಮಿಣಮಿಣ ಹೊಳೆಯುವ ನೆಲ ಕಂಡು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಟ್ಟವರು, ಮೇಲೆ ಹೋಗಿ ಬಾಗಿಲು ತೆರೆದಾಗ ಚಪ್ಪಲಿ ಎಲ್ಲಿ ಅಂತ ಹುಡುಕಿದರಂತೆ! ಮುದುಕಿಯೊಬ್ಬಳು ಒಳಗೆ ಹೋದಳು, ಸ್ವಲ್ಪ ಹೊತ್ತಿಗೆ ಅದೇ ಬಾಗಿಲಿಂದ ಹುಡುಗಿ ಹೊರಗೆ ಬಂದಳು, ಇದೆಂಥ ಯಂತ್ರ ಮಾರಾಯ್ರೇ ಎಂಬ ನಗೆಹನಿ ಎಲ್ಲ ಊರಲ್ಲೂ ಇದೆ. ಕೋಣೆ ಬಾಡಿಗೆಗೆ ಕೇಳಿದರೆ ಇಷ್ಟು ಸಣ್ಣದು ಕೊಡೋದಾ ಅಂತ ಲಿಫ್ಟಿನೊಳಗೆ ನಿಂತು ಜಗಳ ತೆಗೆದವನ ಕಥೆಯೂ ಇದೆ. ನಿಜವಾಗಿ ನಡೆದದ್ದು ಎಷ್ಟು, ಸೇರಿಸಿದ್ದು ಎಷ್ಟು, ಯಾರಿಗೆ ಬೇಕು? ಕೇಳುವವರಿಗೂ ಹೇಳುವವರಿಗೂ ಅವರವರ ಹೆದರಿಕೆಯನ್ನು ನಗುವಲ್ಲಿ ಕಳೆಯಬೇಕಿತ್ತು, ಅಷ್ಟೇ.

ಹೆದರಿಕೆಗೆ ಮದ್ದು ಲಿಫ್ಟ್‌ಮನ್ನೇ. ಅಜ್ಜಿ ಬಾಗಿಲ ಬಳಿ ಹಿಂದೆ ಮುಂದೆ ನೋಡುತ್ತಿದ್ದರೆ ಅವನು ಕಾಯುತ್ತಿದ್ದ. ಮಕ್ಕಳ ಬೆರಳು ಜಾಲರಿಯೊಳಗೆ ಹೋದರೆ ಗದರುತ್ತಿದ್ದ. ಮಹಡಿಗೆ ಬಂದಾಗ ಯಾವ ಸಾಮಾನು ಅಲ್ಲಿ ಸಿಗುತ್ತದೆ ಎಂದು ಕೂಗಿ ಹೇಳುತ್ತಿದ್ದ. ಓದಲು ಬಾರದ ಗಿರಾಕಿಗೆ ಅಂಗಡಿಯ ಬೋರ್ಡು ಎಂದರೆ ಅವನ ಗಂಟಲೇ. ಹೆಚ್ಚು ಜನ ನುಗ್ಗಿದರೆ ಇಬ್ಬರನ್ನು ಇಳಿಸಿ, ಮುಂದಿನ ಸಲ ಬನ್ನಿ ಎನ್ನುವ ಅಧಿಕಾರವೂ ಅವನದೇ. ಸಾಹುಕಾರನಾದರೂ ಆ ಪೆಟ್ಟಿಗೆಯೊಳಗೆ ಅವನ ಮಾತು ಕೇಳಲೇಬೇಕು.

ಬೆಂಗಳೂರು, ಮೈಸೂರು, ಪಣಜಿ

ಬೊಂಬಾಯಿ ಬಿಟ್ಟರೆ ಗಡಿಭಾಗದ ಕನ್ನಡಿಗರಿಗೆ ಲಿಫ್ಟು ತೋರಿಸಿದ್ದು ಬೆಂಗಳೂರು. ಎಂ.ಜಿ. ರಸ್ತೆಯಲ್ಲಿ 1973ರಲ್ಲಿ ಎದ್ದ 25 ಅಂತಸ್ತಿನ ಯುಟಿಲಿಟಿ ಬಿಲ್ಡಿಂಗ್ ಆಗ ದೊಡ್ಡ ಸುದ್ದಿ. ಮಳಿಗೆ, ಕಚೇರಿ, ಸಿಂಫನಿ ಟಾಕೀಸು ಎಲ್ಲ ಒಂದೇ ಕಡೆ. ವಿಧಾನಸೌಧ, ಲಾಲ್‌ಬಾಗ್ ನೋಡಲು ಬಂದವರು ಅದನ್ನೂ ನೋಡದೆ ಹೋಗುತ್ತಿರಲಿಲ್ಲ. ಕೊಳ್ಳುವುದಕ್ಕೇನೂ ಇಲ್ಲದಿದ್ದರೂ ಸರಿ, ತಲೆ ಎತ್ತಿ ಮಹಡಿ ಎಣಿಸಿ, ಲಿಫ್ಟಲ್ಲಿ ಒಮ್ಮೆ ಮೇಲೆ ಹೋಗಿ ಕೆಳಗೆ ಬಂದರೆ ಪ್ರವಾಸ ಸಾರ್ಥಕ!

ಮೈಸೂರಿನ ಲಲಿತಮಹಲ್‌ನಲ್ಲಿ ಇನ್ನೂ ಹಳೆಯ ಕಾಲ ಕಾಣುತ್ತದೆ. ವೈಸರಾಯ್ ಅತಿಥಿಗಳಿಗಾಗಿ 1921ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿಸಲು ಶುರುಮಾಡಿದ ಈ ಅರಮನೆ 1974ರಲ್ಲಿ ಹೋಟೆಲ್ ಆಯಿತು. ಅಲ್ಲಿನ ಹಳೆಯ ಲಿಫ್ಟನ್ನು ನೋಡಲೆಂದೇ ನಿಲ್ಲುವ ಪ್ರವಾಸಿಗರಿದ್ದಾರೆ.

ನಮ್ಮ ಕಡೆಯವರಿಗೆ ಇನ್ನೂ ಹತ್ತಿರದ್ದು ಪಣಜಿಯ ಜುಂತಾ ಹೌಸ್. 1960ರ ದಶಕದಲ್ಲಿ ಕಟ್ಟಿದ ಈ ಬಹುಮಹಡಿ ಸರಕಾರಿ ಕಟ್ಟಡದಲ್ಲಿ ಸಾರಿಗೆ ಸೇರಿ ಹಲವು ಇಲಾಖೆಗಳ ಕಚೇರಿಗಳಿದ್ದವು. ಕಾಗದಪತ್ರ ಹಿಡಿದು ಕಾಣಕೋಣದಿಂದ ಬೆಳಗ್ಗೆ ಬಸ್ಸು ಹತ್ತಿ ಹೋದವರಿಗೆ ಅಲ್ಲಿ ಲಿಫ್ಟು ಮಜಾದ ವಸ್ತುವಲ್ಲ. ಊಟದ ಹೊತ್ತಿಗೆ ಮುಂಚೆ ಮೇಲಿನ ಕಚೇರಿ ಮುಟ್ಟಬೇಕು. ಲಿಫ್ಟು ಇದ್ದರೆ ಕೆಲಸ ಆಯಿತು, ಇಲ್ಲದಿದ್ದರೆ ಮೊಣಕಾಲು ಹೇಳಿದಂತೆ.

ಬಟನ್ ಬಂತು, ಮನುಷ್ಯ ಹೋದ

ಬಟನ್ ಲಿಫ್ಟುಗಳು ಬಂದಂತೆ ಹಿಡಿಕೆ ಹೋಯಿತು. ಹಿಡಿಕೆ ಹೋದ ಮೇಲೂ ಸ್ಟೂಲು ಕೆಲವು ವರ್ಷ ಉಳಿಯಿತು, ಆಮೇಲೆ ಅದೂ ಹೋಯಿತು. ಬಾಗಿಲು ಮುಚ್ಚಿ ಎಂದು ಗದರುತ್ತಿದ್ದ ಮನುಷ್ಯನ ಜಾಗಕ್ಕೆ ಹಾಡಿನ ಜೊತೆ ದಯವಿಟ್ಟು ಬಾಗಿಲು ಮುಚ್ಚಿ ಎಂದು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಗೋಳಿಡುವ ಧ್ವನಿಪೆಟ್ಟಿಗೆ ಬಂತು. ಯಾರೋ ಮೇಲಿನ ಮಹಡಿಯಲ್ಲಿ ಜಾಲರಿ ಅರ್ಧ ಎಳೆದು ಹೋಗಿಬಿಟ್ಟರೆ ಇಡೀ ಕಟ್ಟಡದ ಜನ ಕೆಳಗೆ ನಿಂತು ಕೂಗಬೇಕು, ಓ ಮೂರನೇ ಮಾಳಿಗೆಯವರೇ, ಬಾಗಿಲು ಹಾಕ್ರೀ!

ಆಮೇಲೆ ಮಾಲ್‌ಗಳು ಬಂದವು, ಜೊತೆಗೆ ಎಸ್ಕಲೇಟರ್. ಲಂಡನ್ನಿನ ಹ್ಯಾರಡ್ಸ್ ಅಂಗಡಿಯಲ್ಲಿ 1898ರಲ್ಲಿ ಮೊದಲ ಸಲ ಓಡುವ ಮೆಟ್ಟಿಲು ಹಾಕಿದಾಗ, ಮೇಲೆ ಬಂದು ತಲುಪಿದ ಗಿರಾಕಿಗಳಿಗೆ ಧೈರ್ಯ ಬರಲೆಂದು ಬ್ರಾಂದಿ ಕೊಡುತ್ತಿದ್ದರಂತೆ. ಮಡಗಾಂವ್, ಪಣಜಿಯ ಮಾಲ್‌ಗಳಲ್ಲಿ ಆ ಉಪಚಾರ ಇಲ್ಲ. ಸೀರೆ ನೆರಿಗೆ ಎತ್ತಿ ಹಿಡಿದು, ಮೊದಲ ಹೆಜ್ಜೆ ಯಾವುದರ ಮೇಲೆ ಇಡೋದು ಅಂತ ಗೊತ್ತಾಗದೆ ನಿಂತುಬಿಡುವ ನಮ್ಮ ದೊಡ್ಡಮ್ಮ, ಚಿಕ್ಕಮ್ಮಂದಿರು ಕೊನೆಗೆ ಹುಡುಕೋದು ಮೂಲೆಯಲ್ಲಿರುವ ಲಿಫ್ಟನ್ನೇ.

ಹಳೆಯದೆಲ್ಲ ಬಂಗಾರ ಎಂದು ಹೇಳುವುದು ಸರಿಯಲ್ಲ. ಜಾಲರಿ ಬಾಗಿಲು ನೋಡಲು ಚೆಂದ, ಆದರೆ ಅದರ ಸಂದಿಯಲ್ಲಿ ಮಗುವಿನ ಕೈ, ಕಾಲು ಸಿಕ್ಕಿಕೊಳ್ಳಬಹುದು. ಲಿಫ್ಟ್‌ಮನ್ ಇದ್ದಷ್ಟು ದಿನ ಆ ಅಪಾಯವನ್ನು ಅವನ ಕಣ್ಣು ಕಾಯುತ್ತಿತ್ತು. ಅವನನ್ನು ಮನೆಗೆ ಕಳಿಸಿ ಜಾಲರಿಯನ್ನು ಹಾಗೇ ಉಳಿಸಿಕೊಂಡ ಕಟ್ಟಡಗಳಲ್ಲೇ ಕಷ್ಟ ಜಾಸ್ತಿ. ಬೊಂಬಾಯಿ ಪ್ರಾಂತ್ಯದಲ್ಲಿ 1939ರಲ್ಲೇ ಲಿಫ್ಟ್ ಕಾಯ್ದೆ ಬಂದದ್ದು ಸುಮ್ಮನೆ ಅಲ್ಲ. ಕರ್ನಾಟಕದಲ್ಲಿ 1974ರ ಕಾಯ್ದೆ ಇತ್ತು, 2012ರಲ್ಲಿ ಎಸ್ಕಲೇಟರ್‌ಗಳನ್ನೂ ಸೇರಿಸಿ ಹೊಸ ಕಾಯ್ದೆ ಬಂತು. ಲಿಫ್ಟು ಹಾಕಲು, ನಡೆಸಲು ಅನುಮತಿ ಬೇಕು, ತಪಾಸಣೆ ಆಗಬೇಕು ಎಂಬುದೇ ಇವುಗಳ ತಿರುಳು.

ಕಾಣಕೋಣಕ್ಕೂ ಮಹಡಿ ಬಂತು

2011ರ ಜನಗಣತಿಯಲ್ಲಿ ಸುಮಾರು 45 ಸಾವಿರ ಜನರಿದ್ದ ತಾಲೂಕು ನಮ್ಮದು. ರೈಲು ಬಂತು, ಪ್ರವಾಸಿಗರು ಬಂದರು, 2019ರಲ್ಲಿ ಬೈಪಾಸ್ ರಸ್ತೆಯೂ ತೆರೆಯಿತು. ಹೆಂಚಿನ ಮಾಡುಗಳ ನಡುವೆ ಮಹಡಿ ಕಟ್ಟಡಗಳು ಎದ್ದವು. ಅಜ್ಜ ಬೊಂಬಾಯಿಯಲ್ಲಿ ಕಂಡು ಬಂದದ್ದು ಮೊಮ್ಮಗನಿಗೆ ಮನೆಬಾಗಿಲಲ್ಲೇ ಸಿಗುವ ಕಾಲ.

ಎತ್ತರ ಏರುವುದಕ್ಕೆ ಈ ಊರು ತೆತ್ತ ಬೆಲೆಯನ್ನು ಮರೆಯುವಂತಿಲ್ಲ. 2014ರ ಜನವರಿ 4ರಂದು ಚಾವಡಿಯಲ್ಲಿ ಕಟ್ಟುತ್ತಿದ್ದ ಐದು ಅಂತಸ್ತಿನ 'ರೂಬಿ ರೆಸಿಡೆನ್ಸಿ' ಕುಸಿದು 31 ಜನ ಸತ್ತರು. ಹೊಟ್ಟೆಪಾಡಿಗೆ ದೂರದೂರಿಂದ ಬಂದು ಕಲ್ಲು, ಸಿಮೆಂಟು ಹೊರುತ್ತಿದ್ದ ಕೂಲಿಕಾರರು. ಅವರಲ್ಲಿ ಕನ್ನಡದವರೂ ಇದ್ದರು. ಆ ಕಟ್ಟಡಕ್ಕೆ ಲಿಫ್ಟು ಬರುವ ಮೊದಲೇ ಎಲ್ಲ ಮುಗಿದುಹೋಯಿತು. ಮಹಡಿ ಏರಿಸುವವರ ಮೇಲೆ ಯಾರ ಕಣ್ಣು ಇರಬೇಕು ಎಂಬ ಪ್ರಶ್ನೆಯನ್ನು ಅದು ನಮ್ಮ ಪೇಟೆಯ ನಡುವೆ ಬಿಟ್ಟುಹೋಗಿದೆ.

ಲಿಫ್ಟಿನ ವಿಷಯದಲ್ಲೂ ಪ್ರಶ್ನೆ ಅದೇ. ಆಗ ಲಿಫ್ಟು ಚೋದ್ಯದ ಸಂಗತಿ, ಹತ್ತದಿದ್ದರೂ ನಡೆಯುತ್ತಿತ್ತು. ಈಗ ಬ್ಯಾಂಕು, ಡಾಕ್ಟರ ಕ್ಲಿನಿಕ್ಕು, ಕಚೇರಿ ಎಲ್ಲ ಮಹಡಿ ಮೇಲೆ. ಮೊಣಕಾಲು ನೋವಿನ ಅಮ್ಮನಿಗೆ, ಊರುಗೋಲಿನ ಹುಡುಗನಿಗೆ, ತುಂಬು ಬಸುರಿಗೆ 'ಲಿಫ್ಟ್ ಕೆಟ್ಟಿದೆ' ಎಂಬ ರಟ್ಟಿನ ಚೀಟಿ ಎಂದರೆ 'ನಿಮಗಿಲ್ಲಿ ಪ್ರವೇಶವಿಲ್ಲ' ಎಂಬ ಬೋರ್ಡೇ.

ಕಾನೂನು ಇದನ್ನು ದಯೆ ಎಂದು ನೋಡುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ, ನಿಯಮಗಳು ಪ್ರಕಟವಾಗಿ ಐದು ವರ್ಷದೊಳಗೆ ಈಗಿರುವ ಎಲ್ಲ ಸಾರ್ವಜನಿಕ ಕಟ್ಟಡಗಳೂ ಅವರು ಬಳಸುವಂತೆ ಬದಲಾಗಬೇಕಿತ್ತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಗಡುವು 2022ಕ್ಕೇ ಮುಗಿಯಿತು. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು ಇನ್ನೂ ಬಿಗಿ ಮಾತಾಡಿತು. ಈ ಕುರಿತ ನಿಯಮ ಬರೀ ಸಲಹೆಯ ರೂಪದಲ್ಲಿದ್ದರೆ ಸಾಲದು, ಪಾಲಿಸಲೇಬೇಕಾದ ಕನಿಷ್ಠ ಕಟ್ಟಳೆಗಳನ್ನು ಮೂರು ತಿಂಗಳಲ್ಲಿ ಮಾಡಿ ಎಂದು ಕೇಂದ್ರಕ್ಕೆ ಹೇಳಿತು.

ಲಿಫ್ಟು ಹಾಕಿಸಿ ಕೈತೊಳೆದುಕೊಂಡರೆ ಆಗಲಿಲ್ಲ. ಉಕ್ಕಿನ ಹಗ್ಗ ಸವೆಯುತ್ತದೆ, ಬ್ರೇಕಿನ ಪಟ್ಟಿ ತೇಯುತ್ತದೆ. ಕರಾವಳಿಯ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಕಬ್ಬಿಣವನ್ನು ತಿನ್ನುತ್ತದೆ. ಲಿಫ್ಟಿನ ಗುಂಡಿಯ ತಳದಲ್ಲಿ ಮಳೆನೀರು ನಿಂತರೆ ತಂತಿ ಹಾಳು. ಕರೆಂಟು ಹೋದಾಗ ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ಬ್ಯಾಟರಿ ಸಲಕರಣೆ ಈಗ ಸಿಗುತ್ತದೆ. ನಮ್ಮ ಕಡೆಯ ಮಳೆಗಾಲ ಬಲ್ಲವರು ಫ್ಲಾಟು ಕೊಳ್ಳುವಾಗ ಟೈಲ್ಸ್ ಬಣ್ಣದ ಜೊತೆ ಇದನ್ನೂ ಕೇಳಬೇಕು. ವರ್ಷದ ನಿರ್ವಹಣೆ ಯಾರದು, ಕೊನೆಯ ತಪಾಸಣೆ ಯಾವಾಗ ಆಯಿತು ಎಂದೂ ಕೇಳಬೇಕು.

ಲಿಫ್ಟ್ ನಡುವೆ ನಿಂತರೆ

* ಗಾಬರಿ ಬೇಡ. ಲಿಫ್ಟಿನೊಳಗೆ ಗಾಳಿ ಆಡುವ ಸಂದಿಗಳಿರುತ್ತವೆ, ಉಸಿರು ಕಟ್ಟುವುದಿಲ್ಲ. ಗಂಟೆಯ ಬಟನ್ ಒತ್ತಿ, ಫೋನು ಮಾಡಿ, ಕಾಯಿರಿ.
* ಬಾಗಿಲನ್ನು ಬಲವಂತದಿಂದ ಬಿಡಿಸಬೇಡಿ. ಎರಡು ಮಹಡಿಯ ನಡುವೆ ನಿಂತ ಲಿಫ್ಟಿನಿಂದ ತೂರಿಕೊಂಡು ಇಳಿಯಲು ಹೋಗುವುದೇ ಜೀವಕ್ಕೆ ಅಪಾಯ.
* ಹಗ್ಗ ಕಡಿದು ಬೀಳುತ್ತದೆ ಎಂಬ ಭಯ ಬೇಡ. ಸಾಮಾನ್ಯವಾಗಿ ಹಗ್ಗ ಒಂದಲ್ಲ, ಹಲವು. ವೇಗ ಮಿತಿ ಮೀರಿದರೆ ಕಂಬಿಯನ್ನೇ ಕಚ್ಚಿ ಹಿಡಿಯುವ ಸಾಧನವೂ ಇರುತ್ತದೆ.
* ಬಾಗಿಲು ತೆರೆದ ಕೂಡಲೇ ಕಾಲಿಡಬೇಡಿ. ಪೆಟ್ಟಿಗೆ ಎದುರಿಗಿದೆಯೇ, ನೆಲ ಸಮವಾಗಿದೆಯೇ ಎಂದು ಮೊದಲು ನೋಡಿ.
* ಬೆಂಕಿ ಬಿದ್ದಾಗ ಲಿಫ್ಟು ಬೇಡ, ಮೆಟ್ಟಿಲೇ ಸರಿ.

ಸ್ಟೂಲಿನ ಮೇಲಿನ ಆ ಖಾಕಿ ಅಂಗಿಯವನು ಇನ್ನು ವಾಪಸು ಬರುವುದಿಲ್ಲ, ಬರಬೇಕೆಂದೂ ಇಲ್ಲ. ಆದರೆ ಅವನು ಮಾಡುತ್ತಿದ್ದ ಕೆಲಸ ಹಾಗೇ ಉಳಿದಿದೆ: ಬಾಗಿಲು ಕೂತಿದೆಯೇ ಎಂದು ನೋಡುವುದು, ಹತ್ತಲು ಹೆದರಿದವರಿಗೆ ಕಾಯುವುದು, ಕೆಟ್ಟರೆ ಕೂಡಲೇ ಯಾರನ್ನು ಕರೆಯಬೇಕೆಂದು ತಿಳಿದಿರುವುದು. ಪ್ರತಿ ಲಿಫ್ಟಿನೊಳಗೆ ಓದಲು ಬರುವ ಭಾಷೆಯಲ್ಲಿ ಒಂದು ಹೆಸರು, ಎತ್ತಿದರೆ ಮಾತಾಡುವ ಒಂದು ಫೋನ್ ನಂಬರು, ಕೊನೆಯ ತಪಾಸಣೆಯ ತಾರೀಕು ಬರೆದು ಹಾಕಲು ಎಷ್ಟು ಖರ್ಚಾದೀತು? ಕಾಣಕೋಣದ ಹೊಸ ಕಟ್ಟಡಗಳ ಮಾಲೀಕರು, ಸೊಸೈಟಿಗಳವರು, ಪಾಲಿಕೆಯವರು ಮುಂದಿನ ಮಳೆಗಾಲಕ್ಕೆ ಮುಂಚೆ ಅಷ್ಟಾದರೂ ಮಾಡಲಿ.